ಹಳೆಯ ಸಿಲ್ವರ್‌ಟೋನ್, ಬಿಡಿಭಾಗಗಳ ಟೆಲಿಕ್ಯಾಸ್ಟರ್: ಎರಡನ್ನೂ ಎರಡು ವರ್ಷ ನುಡಿಸಿದ ಮೇಲೆ

ಅಮೆರಿಕದಲ್ಲಿ ಆರೇಳು ನೂರು ಡಾಲರ್ ಇಟ್ಟುಕೊಂಡು 1960ರ ದಶಕದ ಎಲೆಕ್ಟ್ರಿಕ್ ಗಿಟಾರ್ ಹುಡುಕಲು ಹೊರಟವರಿಗೆ ಆ ಕಾಲದ ಹೆಸರಾಂತ ಮಾದರಿಗಳಾದ ಸ್ಟ್ರಾಟೊಕ್ಯಾಸ್ಟರ್ ಆಗಲಿ ಲೆಸ್ ಪಾಲ್ ಆಗಲಿ ಕೈಗೆಟುಕುವ ಮಾತಲ್ಲ. ಕೈಗೆಟುಕುವುದು ಅಂದು ಅಂಚೆಯ ಕ್ಯಾಟಲಾಗ್ ಮೂಲಕ ಮಕ್ಕಳಿಗೆಂದು ಮಾರಾಟವಾದ ಅಗ್ಗದ ವಾದ್ಯಗಳು: ಶಿಕಾಗೊದ ಹಾರ್ಮನಿ ಮತ್ತು ಕೇ, ಜಪಾನಿನಿಂದ ಬಂದ ಟೈಸ್ಕೊ, ಸಿಯರ್ಸ್ ಕಂಪನಿ ಮಾರಿದ ಸಿಲ್ವರ್‌ಟೋನ್. ಇದು ಬೇಡವೆಂದರೆ ಅಷ್ಟೇ ಹಣಕ್ಕೆ ಒಡಲು, ನೆಕ್ (ಎಡಗೈ ಓಡಾಡುವ ಉದ್ದನೆಯ ಕತ್ತು), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಬಿರಡೆಗಳನ್ನು ಬೇರೆಬೇರೆಯಾಗಿ ಕೊಂಡು ಮನೆಯಲ್ಲೇ ಜೋಡಿಸಬಹುದು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ವಾಸವಾಗಿರುವ ನಾನು ಮೊದಲು ಒಂದನ್ನು, ಆರು ತಿಂಗಳ ನಂತರ ಇನ್ನೊಂದನ್ನು ಮಾಡಿದೆ. ಈ ಬರಹ ಆ ಎರಡು ಗಿಟಾರುಗಳ ವಿಮರ್ಶೆ.

ಮೊದಲು ಕೊಂಡದ್ದು ಸಿಲ್ವರ್‌ಟೋನ್ 1448. ಒಂದೇ ಪಿಕಪ್‌ನ ಕಪ್ಪು ಗಿಟಾರ್. ಅದರ ಪೆಟ್ಟಿಗೆಯ ಮುಚ್ಚಳದಲ್ಲೇ ಪುಟ್ಟ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಅಡಗಿವೆ. ಸಿಯರ್ಸ್ ಹೆಸರಿನಲ್ಲಿ ಮಾರಾಟವಾದರೂ ಇದನ್ನು ತಯಾರಿಸಿದ್ದು ಡ್ಯಾನೆಲೆಕ್ಟ್ರೊ. ನೇಥನ್ ಡ್ಯಾನಿಯಲ್ 1947ರಲ್ಲಿ ಆರಂಭಿಸಿದ ಆ ಕಂಪನಿಯ ಕಾರ್ಖಾನೆ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ನೆಪ್ಚೂನ್‌ನಲ್ಲಿತ್ತು. 1966ರಲ್ಲಿ ಅದು ಮನರಂಜನಾ ಕಂಪನಿ ಎಂಸಿಎ ಕೈಸೇರಿ 1969ರಲ್ಲಿ ಮುಚ್ಚಿತು. ಈ ಗಿಟಾರಿನ ಒಳಗೆ ಇರುವುದು ಮರದ ಚೌಕಟ್ಟು, ಮೇಲೆ ಕೆಳಗೆ ಮೇಸನೈಟ್ ಎಂಬ ಹಾರ್ಡ್‌ಬೋರ್ಡ್ ಹಲಗೆ, ಆ ಎರಡರ ಅಂಚು ಕಾಣದಂತೆ ಸುತ್ತಲೂ ಅಂಟಿಸಿದ ವಿನೈಲ್ ಪಟ್ಟಿ. ಪಿಕಪ್ ಎಂದರೆ ತಾಮ್ರದ ತಂತಿ ಸುತ್ತಿದ ತೆಳ್ಳನೆಯ ಅಯಸ್ಕಾಂತವನ್ನು ಲಿಪ್‌ಸ್ಟಿಕ್ ಕೊಳವೆಯೊಳಗೆ ಸೇರಿಸಿದ್ದು. ಕೇಳುವಾಗ ಆಟಿಕೆಯಂತೆ ತೋರುವ ಈ ವಿವರಗಳೇ ಅದರ ನಾದಕ್ಕೆ ಕಾರಣ. ಒಳಗೆ ಟೊಳ್ಳಾಗಿರುವುದರಿಂದ ಗಿಟಾರ್ ಎರಡೂವರೆ ಕಿಲೋ ಕೂಡ ತೂಗುವುದಿಲ್ಲ. ತಂತಿ ಮೀಟಿದರೆ ಹಾರ್ಡ್‌ಬೋರ್ಡಿನ ಕಂಪನ ಹೊಟ್ಟೆಗೆ ತಾಗುತ್ತದೆ. ಸ್ವರ ಸ್ಫುಟ, ಸ್ವಲ್ಪ ತೆಳು, ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ. ದುಬಾರಿ ಗಿಟಾರುಗಳಲ್ಲಿ ಈ ಧ್ವನಿಯನ್ನು ನಾನು ಕೇಳಿಲ್ಲ.

ಆದರೆ ಅದನ್ನು ಶ್ರುತಿಗೆ ತರಲು ಮೂರು ವಾರ ಹಿಡಿಯಿತು. ಇದರ ಬ್ರಿಡ್ಜ್ ಒಂದು ಲೋಹದ ತಗಡು, ಅದರ ಮೇಲೊಂದು ನೇರವಾದ ಮರದ ಕಡ್ಡಿ. ವೀಣೆಯ ಕುದುರೆಯನ್ನು ಕಂಡವರಿಗೆ ಇದು ಪರಿಚಿತ ವಸ್ತುವೇ. ಆರೂ ತಂತಿಗಳು ಆ ಒಂದೇ ಕಡ್ಡಿಯ ಮೇಲೆ ಹಾದುಹೋಗುತ್ತವೆ, ಒಂದೊಂದು ತಂತಿಯನ್ನು ಪ್ರತ್ಯೇಕವಾಗಿ ಹಿಂದೆ ಮುಂದೆ ಸರಿಸುವ ಅವಕಾಶವಿಲ್ಲ. ಹಾಗಾಗಿ ಮೂರನೆಯ ತಂತಿ ಮೇಲಿನ ಫ್ರೆಟ್‌ಗಳಲ್ಲಿ (ನೆಕ್ಕಿನ ಮೇಲೆ ಅಡ್ಡಲಾಗಿರುವ ಲೋಹದ ಮೆಟ್ಟಿಲುಗಳಲ್ಲಿ) ಪ್ರತಿ ಬಾರಿಯೂ ಏರು ಶ್ರುತಿಯಲ್ಲಿ ನುಡಿಯುತ್ತಿತ್ತು. ಗಿಟಾರೇ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದ್ದೆ. ಊರಿನ ಹಿರಿಯ ದುರಸ್ತಿಗಾರರೊಬ್ಬರು ಅದನ್ನು ಒಮ್ಮೆ ನೋಡಿ, ಆ ಕಾಲದ ತಂತಿಗಳಲ್ಲಿ ಮೂರನೆಯದಕ್ಕೂ ಮೇಲೆ ಸಣ್ಣ ತಂತಿಯ ಸುತ್ತು ಇರುತ್ತಿತ್ತು, ಈಗಿನ ಬರಿತಂತಿ ಈ ಬ್ರಿಡ್ಜಿಗೆ ಒಗ್ಗುವುದಿಲ್ಲ ಎಂದು ವಿವರಿಸಿದರು. ಸುತ್ತಿರುವ ಮೂರನೆಯ ತಂತಿ ಹಾಕಿ, ಕಡ್ಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದ ಮೇಲೆ ಶ್ರುತಿ ನಿಂತಿತು.

ಆಂಪ್ಲಿಫೈಯರ್ ವಿಷಯವನ್ನು ಎಚ್ಚರಿಕೆಯಿಂದ ಹೇಳಬೇಕಾಗಿದೆ. 1448ರ ಪೆಟ್ಟಿಗೆಯಲ್ಲಿರುವ ವಾಲ್ವ್ ಆಂಪ್ಲಿಫೈಯರಿಗೆ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇಲ್ಲ. ಗೋಡೆಯ ಕರೆಂಟು ಒಳಗಿನ ಮಂಡಲಕ್ಕೆ ನೇರವಾಗಿ ಸೇರುತ್ತದೆ, ಪ್ಲಗ್ಗಿಗೆ ಎರಡೇ ಕಾಲು, ಅರ್ಥಿಂಗ್ ಇಲ್ಲ. ಹಳೆಯ ಕೆಪಾಸಿಟರ್ ಸೋತರೆ ಗಿಟಾರಿನ ತಂತಿಯನ್ನು ಹಿಡಿದ ಕೈಗೇ ಶಾಕ್ ಹೊಡೆಯಬಹುದು. ನನಗೆ ಮಾರಿದವರು ‘ಎಲ್ಲ ಸರಿಯಾಗಿ ಕೆಲಸ ಮಾಡುತ್ತಿದೆ’ ಎಂದಷ್ಟೇ ಬರೆದಿದ್ದರು. ಕೆಲಸ ಮಾಡುತ್ತಿದ್ದುದು ನಿಜ, ಅಪಾಯವಿದ್ದುದೂ ನಿಜ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮತ್ತು ಮೂರು ಕಾಲಿನ ಪ್ಲಗ್ ಹಾಕಿಸುವವರೆಗೆ ಇಂಥ ಪೆಟ್ಟಿಗೆಗೆ ದಯವಿಟ್ಟು ಕರೆಂಟು ಕೊಡಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಅದನ್ನು ಬೀಗ ಹಾಕಿದ ಕಪಾಟಿನಲ್ಲಿಡಿ.

ಇನ್ನು ಬಿಡಿಭಾಗಗಳಿಂದ ಟೆಲಿಕ್ಯಾಸ್ಟರ್ ಮಾದರಿಯಲ್ಲಿ ಜೋಡಿಸಿದ ಗಿಟಾರ್. ಲಿಯೊ ಫೆಂಡರ್ 1950ರಲ್ಲಿ ಹೊರತಂದ ಗಿಟಾರಿನಲ್ಲಿ, ಮುಂದಿನ ವರ್ಷ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆದ ವಿನ್ಯಾಸದಲ್ಲಿ, ನೆಕ್ಕನ್ನು ಒಡಲಿಗೆ ಅಂಟಿಸದೆ ನಾಲ್ಕು ತಿರುಪುಗಳಿಂದ ಬಿಗಿಯಲಾಗಿತ್ತು. ಕೆಟ್ಟ ನೆಕ್ಕನ್ನು ತೆಗೆದು ಹೊಸದನ್ನು ಕೂರಿಸುವುದು ಸುಲಭವಾಯಿತು, ಬಿಡಿಭಾಗಗಳ ಇಡೀ ವ್ಯಾಪಾರವೇ ಆ ಅನುಕೂಲದ ಮೇಲೆ ಬೆಳೆಯಿತು. ಇಂದು ವಾಷಿಂಗ್ಟನ್ ರಾಜ್ಯದ ವಾರ್ಮೊತ್, ಓಹಾಯೊದ ಸ್ಟೂಮ್ಯಾಕ್, ಟೆಕ್ಸಾಸಿನ ಆಲ್‌ಪಾರ್ಟ್ಸ್ ಇಂಥವರ ಬಳಿ ಪ್ರತಿಯೊಂದು ಭಾಗವೂ ದೊರೆಯುತ್ತದೆ. ನೆಕ್ಕಿನ ಬುಡದ ಅಗಲ ಸುಮಾರು 56 ಮಿಲಿಮೀಟರ್, ತಂತಿಯ ನುಡಿಯುವ ಭಾಗದ ಉದ್ದ 25.5 ಇಂಚು ಎಂಬ ಎರಡು ಅಂಕಿಗಳು ಹೊಂದಿಕೊಂಡರೆ ಒಬ್ಬರ ಒಡಲಿಗೆ ಇನ್ನೊಬ್ಬರ ನೆಕ್ ಕೂರುತ್ತದೆ ಎಂದು ನಾನು ನಂಬಿದ್ದೆ.

ಆ ನಂಬಿಕೆ ಅರ್ಧ ಮಾತ್ರ ಸರಿ. ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ ಮೊದಲ ಒಡಲಿನಲ್ಲಿ ನೆಕ್ ಕೂರುವ ಗುಳಿಯನ್ನೇ ಓರೆಯಾಗಿ ಕೊರೆದಿದ್ದರು. ಬ್ರಿಡ್ಜಿಗೆ ರಂಧ್ರ ಕೊರೆಯುವ ಮುನ್ನ ಎರಡು ಅಂಚಿನ ತಂತಿಗಳ ಜಾಗದಲ್ಲಿ ಹೊಲಿಗೆಯ ದಾರ ಎಳೆದು ಕಟ್ಟಿ ನೋಡಿದಾಗ ಅದು ತಿಳಿಯಿತು: ಮೇಲ್ಗಡೆಯ ದಾರ ಫಿಂಗರ್‌ಬೋರ್ಡಿನ (ನೆಕ್ಕಿನ ಮೇಲೆ ಬೆರಳೊತ್ತುವ ಹಲಗೆಯ) ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗಿದ್ದರೆ, ಕೆಳಗಿನ ದಾರ ಕೊನೆಯ ಫ್ರೆಟ್ಟಿನ ಹೊತ್ತಿಗೆ ಅಂಚನ್ನೇ ದಾಟಿ ಗಾಳಿಯಲ್ಲಿ ನಿಂತಿತ್ತು. ಒಡಲನ್ನು ಹಿಂದಿರುಗಿಸಿದೆ, ಸಾಗಣೆಯ 30 ಡಾಲರ್ ಹೋಯಿತು. ಎರಡನೆಯ ಒಡಲಿಗೆ ಅದೇ ದಾರ ಕಟ್ಟಿದಾಗ ಎರಡೂ ಕಡೆ ಸಮನಾಗಿ ಬಂದದ್ದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ. ವಿದ್ಯುತ್ತಿನ ಕೆಲಸ ಇದಕ್ಕಿಂತ ಸುಲಭ: ಟೆಲಿಕ್ಯಾಸ್ಟರ್ ಬಗೆಯ ಪಿಕಪ್ಪಿಗೆ 250 ಕಿಲೋ ಓಮ್‌ನ ಎರಡು ಪಾಟ್ (ಧ್ವನಿ ಏರಿಳಿಸಲು ತಿರುಗಿಸುವ ಭಾಗ), ಒಂದು ಕೆಪಾಸಿಟರ್, ಒಂದು ಸ್ವಿಚ್, ಬೆಸುಗೆ ಬಲ್ಲವರಿಗೆ ಒಂದು ಸಂಜೆ ಸಾಕು.

ನೆಕ್ ಬಗ್ಗೆ ಮಾತ್ರ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಮಟ್ಟಿಗೆ ಆಯ್ಕೆ ನಿರ್ಧಾರವಾಗುವುದು ಅಲ್ಲಿಯೇ. ಸಿಲ್ವರ್‌ಟೋನಿನ ನೆಕ್ಕಿನೊಳಗೆ ಉಕ್ಕಿನ ಪಟ್ಟಿಗಳಿವೆ, ಆದರೆ ಅವನ್ನು ಬಿಗಿ ಸಡಿಲ ಮಾಡುವಂತಿಲ್ಲ. ಅರವತ್ತು ವರ್ಷಗಳಲ್ಲಿ ಅದು ಬಾಗಿದ್ದರೆ ಬಾಗಿದ್ದೇ. ನನ್ನದು ನೆಟ್ಟಗಿತ್ತು, ಅದು ಅದೃಷ್ಟ. ಜೋಡಿಸಿದ ಗಿಟಾರಿನ ನೆಕ್ಕಿನಲ್ಲಿ ಟ್ರಸ್ ರಾಡ್ ಇದೆ, ಅಂದರೆ ಬಾಗನ್ನು ತಿರುಗಿಸಿ ಸರಿಪಡಿಸಬಹುದಾದ ಉಕ್ಕಿನ ಸರಳು, ಚಳಿಗಾಲದಲ್ಲಿ ಮನೆಯ ಹೀಟರಿಗೆ ಮರ ಒಣಗಿದಾಗ ಕಾಲು ಸುತ್ತು ತಿರುಗಿಸಿದರೆ ತಂತಿಯ ಎತ್ತರ ಮತ್ತೆ ಮೊದಲಿನಂತಾಗುತ್ತದೆ. ಅದರ ದಪ್ಪ, ದುಂಡು, ಫ್ರೆಟ್ಟಿನ ಗಾತ್ರ ಎಲ್ಲವೂ ನಾನು ಆರಿಸಿದ್ದು. ತಂತಿಯನ್ನು ಎಳೆದು ಗಮಕ ನುಡಿಸುವ ನನ್ನಂಥವರಿಗೆ ಎತ್ತರದ ಫ್ರೆಟ್ ಬಹಳ ಅನುಕೂಲ. ಫಿಂಗರ್‌ಬೋರ್ಡ್ ನಮ್ಮ ಬೀಟೆ ಮರದ್ದು. ಫ್ರೆಟ್ಟಿನ ತುದಿಗಳನ್ನು ಅರದಿಂದ ಉಜ್ಜುವಾಗ ಎದ್ದ ಪುಡಿಯ ವಾಸನೆಗೆ ಶಿವಮೊಗ್ಗದ ಅಜ್ಜನ ಮನೆಯ ಮಂಚ ನೆನಪಾಗಿ ಕೆಲಸ ನಿಲ್ಲಿಸಿ ಕುಳಿತುಬಿಟ್ಟೆ.

ಖರ್ಚಿನ ಲೆಕ್ಕ ಹೀಗಿದೆ. ಸಿಲ್ವರ್‌ಟೋನಿಗೆ 575, ಆಂಪ್ಲಿಫೈಯರ್ ದುರಸ್ತಿಗೆ 140, ಫ್ರೆಟ್ ಸಮ ಮಾಡಿಸಲು 120, ಒಟ್ಟು 835 ಡಾಲರ್. ಜೋಡಿಸಿದ್ದಕ್ಕೆ ಒಡಲು 140, ನೆಕ್ 230, ಪಿಕಪ್‌ಗಳು 120, ಬ್ರಿಡ್ಜ್ 60, ಬಿರಡೆಗಳು 55, ವಿದ್ಯುತ್ ಭಾಗಗಳು 45, ಚಿಲ್ಲರೆ ಸಾಮಾನು 25. ಇದಕ್ಕೆ ವ್ಯರ್ಥವಾದ ಸಾಗಣೆ, 80 ಡಾಲರಿನ ಫ್ರೆಟ್ ಕೆಲಸ, 110 ಡಾಲರಿನ ಉಪಕರಣಗಳು ಸೇರಿ 895. ಬಿಡಿಭಾಗ ಅಗ್ಗವೆಂಬ ಮಾತು ನನ್ನ ಲೆಕ್ಕದಲ್ಲಿ ನಿಲ್ಲಲಿಲ್ಲ. ಮಾರುವಾಗ ಅಂತರ ಇನ್ನೂ ಹೆಚ್ಚು: ಸಿಲ್ವರ್‌ಟೋನ್ ಕೊಟ್ಟ ಬೆಲೆಗೆ ಕೇಳುವವರಿದ್ದಾರೆ, ಜೋಡಿಸಿದ್ದಕ್ಕೆ 400ರ ಮೇಲೆ ಯಾರೂ ಹೇಳಲಿಲ್ಲ.

ಹಾಗಿದ್ದರೂ ಒಂದೇ ಗಿಟಾರ್ ಇಟ್ಟುಕೊಳ್ಳುವವರಿಗೆ ನಾನು ಹೇಳುವುದು ಜೋಡಿಸಿಕೊಳ್ಳಿ ಎಂದೇ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಎರಡು ಗಂಟೆ ಹಾಡುಗಾರರ ಜೊತೆ ನುಡಿಸುವಾಗ ಶ್ರುತಿ ಕದಲದೆ ನಿಂತದ್ದು ಅದು. ಸಿಲ್ವರ್‌ಟೋನ್ ಎರಡನೆಯ ಗಿಟಾರಾಗಿ ಅಮೂಲ್ಯ. ಮನೆಯಲ್ಲಿ ರಾತ್ರಿ ಮೆಲ್ಲಗೆ ನುಡಿಸುವಾಗ, ರೆಕಾರ್ಡಿಂಗ್ ಮಾಡುವಾಗ ನನ್ನ ಕೈ ಹೋಗುವುದು ಅದರತ್ತಲೇ. ಕೊಳ್ಳುವುದಾದರೆ ಕಣ್ಣಾರೆ ನೋಡದೆ ಕೊಳ್ಳಬೇಡಿ, ನೆಕ್ಕನ್ನು ಬಂದೂಕಿನ ಗುರಿ ಹಿಡಿದಂತೆ ಕಣ್ಣಿನ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಿ.

ಊರಿಗೆ ಒಯ್ಯುವ ಯೋಚನೆ ಇರುವವರು ಇನ್ನೊಂದನ್ನು ಗಮನಿಸಬೇಕು. 1960ರ ದಶಕದ ಅನೇಕ ಅಮೆರಿಕನ್ ಗಿಟಾರುಗಳ ಫಿಂಗರ್‌ಬೋರ್ಡ್ ಬ್ರೆಜಿಲ್‌ನ ರೋಸ್‌ವುಡ್. ಆ ಮರ 1992ರಿಂದ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಯಲ್ಲಿದೆ, ಅನುಮತಿ ಪತ್ರವಿಲ್ಲದೆ ಗಡಿ ದಾಟಿಸುವುದು ತೊಂದರೆಗೆ ದಾರಿ. ಅದೇ ಕುಲದ ನಮ್ಮ ಬೀಟೆಯ ಮೇಲೆ 2017ರಲ್ಲಿ ಬಂದ ನಿಯಂತ್ರಣದಿಂದ ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ದೊರೆತಿದೆ. ಹೋದ ಡಿಸೆಂಬರಿನಲ್ಲಿ ಟೆಲಿಕ್ಯಾಸ್ಟರಿನ ನಾಲ್ಕು ತಿರುಪು ಬಿಚ್ಚಿ, ನೆಕ್ಕನ್ನು ಅಮ್ಮನಿಗೆ ಕೊಂಡ ಶಾಲಿನಲ್ಲಿ ಸುತ್ತಿ, ಒಡಲಿನ ಜೊತೆ ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಶಿವಮೊಗ್ಗಕ್ಕೆ ಒಯ್ದೆ. ಜಗುಲಿಯ ಮೇಲೆ ಮತ್ತೆ ಬಿಗಿದು ತಂತಿ ಹಾಕಿ ಶ್ರುತಿ ಮಾಡಲು ಅರ್ಧ ಗಂಟೆ ಹಿಡಿಯಿತು.