ನೀಲಿ ಬೆಂಕಿ ಖಚಿತ ಎಂದವರನ್ನು ನಂಬಿ ಇಜೆನ್ ಜ್ವಾಲಾಮುಖಿ ಹತ್ತಿದೆವು, ದಯವಿಟ್ಟು ಓದಿ

ನಿನ್ನೆ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳುಹಿಸಿ, "ಬೇಸಿಗೆ ರಜೆಗೆ ನಾವೂ ಹೋಗಬೇಕೆಂದಿದ್ದೇವೆ, ಈ ಏಜೆಂಟ್ ಆಗಬಹುದೇ?" ಎಂದು ಕೇಳಿದರು. ಕಪ್ಪು ಬಂಡೆಗಳ ನಡುವೆ ನೀಲಿ ಜ್ವಾಲೆ ಹರಿಯುವ ಚಿತ್ರ. ಅಕ್ಟೋಬರ್‌ನಲ್ಲಿ ನನಗೆ ಬಂದಿದ್ದ ಅದೇ ಚಿತ್ರ, ಕೆಳಗೆ ಅದೇ ಸಾಲು: "ನೀಲಿ ಬೆಂಕಿ ಖಚಿತ". ಇಷ್ಟು ದಿನ ನಾಚಿಕೆಯಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದೆ. ಇನ್ನು ಸುಮ್ಮನಿರಲಾರೆ.

ದಸರಾ ರಜೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಮಗಳು ಬಾಲಿಗೆ ಹೋಗಿದ್ದೆವು. ಪಕ್ಕದ ಜಾವಾ ದ್ವೀಪದ ಪೂರ್ವ ತುದಿಯಲ್ಲಿರುವ ಇಜೆನ್ ಜ್ವಾಲಾಮುಖಿಯನ್ನು ಹತ್ತಬೇಕೆಂಬುದು ಮಗಳ ಬಹುದಿನದ ಆಸೆ. ಅಲ್ಲಿನ ಬಿರುಕುಗಳಿಂದ ಬರುವ ಗಂಧಕದ ಅನಿಲ ಗಾಳಿ ತಾಗಿದೊಡನೆ ಹೊತ್ತಿಕೊಂಡು ನೀಲಿಯಾಗಿ ಉರಿಯುತ್ತದೆ. ಹಗಲಲ್ಲಿಯೂ ಉರಿಯುತ್ತಲೇ ಇರುತ್ತದೆ, ಆದರೆ ಕಣ್ಣಿಗೆ ಕಾಣುವುದು ಕತ್ತಲಲ್ಲಿ ಮಾತ್ರ. ಕತ್ತಲಲ್ಲಿ ಮಾತ್ರ. ನನ್ನ ಸಂಕಟವೆಲ್ಲ ಇರುವುದು ಈ ಮಾತಿನಲ್ಲಿಯೇ.

ಏಜೆಂಟ್ ಬೆಂಗಳೂರಿನವನು. ಫೋನಿನಲ್ಲಿ ಅಚ್ಚ ಕನ್ನಡ. ನಾವು ದಾವಣಗೆರೆಯವರೆಂದು ತಿಳಿದ ಕೂಡಲೇ, "ಅಯ್ಯೋ ಮೇಡಂ, ನಮ್ಮ ತಾಯಿಯ ತವರು ಹರಿಹರ. ನಮ್ಮವರಿಗೆ ನಾನು ಮೋಸ ಮಾಡುತ್ತೇನೆಯೇ?" ಎಂದ. ಅಲ್ಲಿಯವರೆಗೆ ಮೋಸದ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ತಲೆಗೆ 11,500 ರೂಪಾಯಿಯಂತೆ ಮೂವರಿಗೆ 34,500, ಪೂರ್ತಿ ಮುಂಗಡ. ನಮಗೆಂದೇ ಬೇರೆ ಕಾರು, ದೋಣಿ, ಪ್ರವೇಶ ಚೀಟಿ, ವೈದ್ಯಕೀಯ ಪ್ರಮಾಣಪತ್ರ, ಅನಿಲ ತಡೆಯುವ ಮುಖವಾಡ, ಗೈಡ್, ಎಲ್ಲವೂ ಸೇರಿ. ಸಂಜೆ 6ಕ್ಕೆ ಬಾಲಿಯ ಕೂಟಾದಿಂದ ಹೊರಡುವುದು. ಇದೆಲ್ಲ ಅವನೇ ಕಳುಹಿಸಿದ ಸಂದೇಶದಲ್ಲಿದೆ, ಇನ್ನೂ ಇಟ್ಟುಕೊಂಡಿದ್ದೇನೆ.

ಹೊರಡುವ ದಿನ ಮಧ್ಯಾಹ್ನ ಸಂದೇಶ ಬಂತು: "ಗಾಡಿ ರಾತ್ರಿ 10ಕ್ಕೆ". ನಾನು ತಕ್ಷಣ ಫೋನ್ ಮಾಡಿ, "ಅಷ್ಟು ತಡವಾದರೆ ಬೆಂಕಿ ಕಾಣುತ್ತದೆಯೇ?" ಎಂದು ಕೇಳಿದೆ. ಅವನ ಉತ್ತರ ಇದು: "ಜಾವಾದಲ್ಲಿ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ ಇದೆ ಮೇಡಂ. ನಿಮಗೆ ಒಂದು ಗಂಟೆ ಲಾಭವೇ ಆಯಿತು."

ನಾನು ಒಪ್ಪಿಕೊಂಡೆ. ಒಂಬತ್ತನೆಯ ತರಗತಿಗೆ ಭೂಗೋಳ ಕಲಿಸುವವಳು ನಾನು. ರೇಖಾಂಶ, ಕಾಲವಲಯ ಎಲ್ಲವನ್ನೂ ಪ್ರತಿ ವರ್ಷ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಬಾಲಿಗೂ ಜಾವಾಕ್ಕೂ ನಡುವೆ ಇರುವುದು ಕಿರಿದಾದ ಜಲಸಂಧಿ, ದೋಣಿಯಲ್ಲಿ ಒಂದು ಗಂಟೆ ಕೂಡ ಬೇಡ. ಆ ದಡದಲ್ಲಿ ಗಡಿಯಾರದ ಮುಳ್ಳು ಹಿಂದೆ ಹೋದರೆ ಸೂರ್ಯನೂ ಹಿಂದೆ ಹೋಗುತ್ತಾನೆಯೇ? ಬಾಲಿಯಲ್ಲಿ 6 ಗಂಟೆಗೆ ಹುಟ್ಟುವ ಸೂರ್ಯ ಅಲ್ಲಿ ಅದೇ ಕ್ಷಣದಲ್ಲಿ 5 ಗಂಟೆಗೆ ಹುಟ್ಟುತ್ತಾನೆ, ಅಷ್ಟೇ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದು ನನಗೆ ಹೊಳೆದದ್ದು ದೋಣಿಯಲ್ಲಿ, ನಡುರಾತ್ರಿ ಕಳೆದ ಮೇಲೆ, ಮೊಬೈಲಿನ ಸಮಯ ತಾನಾಗಿಯೇ ಬದಲಾದಾಗ. ಪಕ್ಕದಲ್ಲಿ ಮಗಳು ನನ್ನ ಭುಜಕ್ಕೆ ಒರಗಿ ಮಲಗಿದ್ದಳು. ಎಬ್ಬಿಸಿ ಹೇಳಲು ಬಾಯಿ ಬರಲಿಲ್ಲ.

ಬೇರೆ ಕಾರು ಎಂದಿದ್ದನಲ್ಲ? ಬಂದದ್ದು ಹನ್ನೊಂದು ಜನರನ್ನು ತುಂಬಿಕೊಂಡ ವ್ಯಾನ್, ಅದೂ 10.40ಕ್ಕೆ. ಬಾಲಿ ಕಡೆಯ ಗಿಲಿಮಾನುಕ್ ದಡ ತಲುಪಿದಾಗ ಎರಡೂವರೆ. ಜಾವಾ ಕಡೆಯ ಕೆತಾಪಾಂಗ್‌ನಲ್ಲಿ ಇಳಿದ ಮೇಲೆ ಚಾಲಕ ಎಲ್ಲರಿಗೂ ಒಂದೊಂದು ಕಾಗದ ಹಂಚಿ, ಹೆಸರು ಮತ್ತು ವಯಸ್ಸು ಬರೆಯಿರಿ ಎಂದ. ಅದು ವೈದ್ಯಕೀಯ ಪ್ರಮಾಣಪತ್ರ! ರಕ್ತದೊತ್ತಡದ ಅಂಕಿ ಮೊದಲೇ ತುಂಬಿತ್ತು, ಮೂವರಿಗೂ ಒಂದೇ ಅಂಕಿ, 120/80. ಸಹಿಯೂ ಆಗಿತ್ತು. ನಮ್ಮ ಯಜಮಾನರಿಗೆ ಉಬ್ಬಸವಿದೆ, ಹಣ ಕಟ್ಟುವಾಗಲೇ ಏಜೆಂಟ್‌ಗೆ ಅದನ್ನು ಹೇಳಿದ್ದೆ. ಯಾವ ವೈದ್ಯರೂ ಅವರ ಮುಖ ನೋಡಲಿಲ್ಲ.

ಚಾರಣ ಶುರುವಾಗುವ ಪಾಲ್ತುಡಿಂಗ್ ತಲುಪಿದಾಗ ಅಲ್ಲಿನ ಸಮಯ 4.15. ಪೂರ್ವದ ಆಕಾಶ ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು. ಮುಂದೆ ಮೂರು ಕಿಲೋಮೀಟರ್ ಏರು ದಾರಿ, ಸುಮಾರು 500 ಮೀಟರ್ ಎತ್ತರ. ನಾನು ಗೈಡ್ ಹುಡುಗನಿಗೆ ಆ ನೀಲಿ ಬೆಂಕಿಯ ಚಿತ್ರ ತೋರಿಸಿದೆ. ಅವನು ಚಿತ್ರ ನೋಡಿದ, ಆಕಾಶ ನೋಡಿದ, ಬಹಳ ಮೆತ್ತಗೆ "ಸುದಾ ಹಾಬಿಸ್" ಎಂದ. ಮುಗಿದುಹೋಯಿತು ಎಂದರ್ಥ. ನಂತರ ತನ್ನ ಕೈಯಲ್ಲಿದ್ದ ಪಟ್ಟಿ ತೋರಿಸಿದ. ನಮ್ಮ ಮೂವರ ಹೆಸರಿನ ಮುಂದೆ ಬೆಂಕಿಯ ಮಾತೇ ಇರಲಿಲ್ಲ, ಬೆಳಗಿನ ಹೊತ್ತು ಜ್ವಾಲಾಮುಖಿಯ ಕುಳಿಯಲ್ಲಿರುವ ಕೆರೆ ನೋಡುವ ಅಗ್ಗದ ಪ್ರವಾಸ ಎಂದಿತ್ತು. ವ್ಯಾನಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿ ಅದೇ ಪ್ರವಾಸಕ್ಕೆ ನಾವು ಕೊಟ್ಟದ್ದರ ಅರ್ಧವನ್ನೂ ಕೊಟ್ಟಿರಲಿಲ್ಲ. ಆ ಪಟ್ಟಿಯನ್ನು ನೋಡಿದಾಗ ಕಾಲಿನ ಕೆಳಗಿನ ನೆಲ ಕುಸಿದಂತಾಯಿತು. ತಡವಾದದ್ದಲ್ಲ. ನಮ್ಮನ್ನು ಬೆಂಕಿ ನೋಡಲು ಕಳುಹಿಸಿಯೇ ಇರಲಿಲ್ಲ.

ಮುಖವಾಡವೆಂದು ಕೊಟ್ಟದ್ದು ಕೊರೊನಾ ಕಾಲದ ಬಟ್ಟೆಯ ಮಾಸ್ಕ್. ಎರಡು ಬದಿಗೆ ಫಿಲ್ಟರ್ ಇರುವ ಸರಿಯಾದ ಮುಖವಾಡಗಳನ್ನು ಅಲ್ಲಿಯೇ ಬಾಡಿಗೆಗೆ ತೆಗೆದುಕೊಂಡೆವು, ನಮ್ಮ ಹಣದಲ್ಲಿ. 2018ರ ಮಾರ್ಚ್‌ನಲ್ಲಿ ಇದೇ ಇಜೆನ್‌ನಿಂದ ಏಕಾಏಕಿ ವಿಷಾನಿಲ ಹೊರಬಂದು ಸುತ್ತಲಿನ ಹಳ್ಳಿಯವರು ಆಸ್ಪತ್ರೆ ಸೇರಿದ್ದರು. ಅಂಥ ಜಾಗಕ್ಕೆ ಬಟ್ಟೆಯ ತುಂಡು ಕೊಟ್ಟು ಕಳುಹಿಸುತ್ತಾರೆ.

ಆ ಬೆಟ್ಟದ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ದಾರಿಯುದ್ದಕ್ಕೂ ಗಾಳಿಮರದ ಜಾತಿಯ ಎತ್ತರದ ಮರಗಳು, ಎಲೆಗಳ ನಡುವೆ ಸೀಳಿ ಬರುವ ಗಾಳಿಯ ಸದ್ದು, ನಮ್ಮ ಮಲೆನಾಡಿನಂತೆಯೇ ಹಸಿ ಮಣ್ಣಿನ ವಾಸನೆ. ಮೇಲೆ ಹೋದಂತೆ ಮರಗಳು ಕುಳ್ಳಾಗುತ್ತವೆ, ಅಂಚಿನಲ್ಲಿ ಅನಿಲಕ್ಕೆ ಸುಟ್ಟು ಬರೀ ಬಿಳಿಯ ಕೊಂಬೆಗಳು. ದೀಪಾವಳಿಯ ಮರುದಿನ ಬೀದಿಯಲ್ಲಿ ಉಳಿಯುವ ಪಟಾಕಿಯ ಘಾಟು ಮೊದಲು ಮೂಗಿಗೆ ಬಂತು. ಆಮೇಲೆ ಕೆರೆ. ಸುಮಾರು ಒಂದು ಕಿಲೋಮೀಟರ್ ಅಗಲದ ಕೆರೆ, ಪೂರ್ತಿ ಆಮ್ಲ. ಬಿಸಿಲು ಏರುತ್ತಿದ್ದಂತೆ ಬೂದಿಯಿಂದ ಹಸಿರಿಗೆ, ಹಸಿರಿನಿಂದ ಹಾಲು ಬೆರೆಸಿದಂಥ ನೀಲಿಗೆ ತಿರುಗಿತು. ಮಗಳು ಒಂದು ಮಾತೂ ಆಡದೆ ನೋಡುತ್ತ ನಿಂತಳು. ಆ ಕೆರೆಯ ಎದುರು ನಿಂತೂ ನಾನು ಏಜೆಂಟ್‌ಗೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದೆ. ಅವನು ನನ್ನಿಂದ ಕಿತ್ತುಕೊಂಡದ್ದು ಹಣ ಮಾತ್ರವಲ್ಲ.

ಗಾಳಿ ತಿರುಗಿ ಹೊಗೆ ನಮ್ಮತ್ತ ಬಂದಾಗ ಯಜಮಾನರು ಕೆಮ್ಮಿ ಕುಸಿದು ಕುಳಿತರು. ಗಂಧಕ ಹೊತ್ತು ಮೇಲೆ ಬರುತ್ತಿದ್ದ ಕಾರ್ಮಿಕರೊಬ್ಬರು ಅಡ್ಡೆ ಇಳಿಸಿ, ಅವರ ತೋಳು ಹಿಡಿದು ಹೊಗೆ ಬಾರದ ಬದಿಗೆ ಕರೆದೊಯ್ದರು. ಅಡ್ಡೆಯ ಎರಡು ಬಿದಿರಿನ ಬುಟ್ಟಿಗಳಲ್ಲಿ ಎಪ್ಪತ್ತು ಕಿಲೋಗೂ ಹೆಚ್ಚು ಹಳದಿ ಗಟ್ಟಿಗಳಿದ್ದವು. ಅವರ ಭುಜದ ಮೇಲೆ ಅಡ್ಡೆ ಕೂರುವ ಕಡೆ ಮಾಂಸ ಗಂಟು ಕಟ್ಟಿತ್ತು. ನಮ್ಮಿಂದ ಏನನ್ನೂ ಕೇಳಲಿಲ್ಲ.

ಕೋಣೆಗೆ ಮರಳಿ ಏಜೆಂಟ್‌ಗೆ ಬರೆದೆ. ಮೊದಲ ಉತ್ತರ: "ಪ್ರಕೃತಿ ನಮ್ಮ ಕೈಯಲ್ಲಿಲ್ಲ ಮೇಡಂ." ಗಾಡಿ ಹೊರಡುವ ಹೊತ್ತು ಯಾರ ಕೈಯಲ್ಲಿತ್ತು ಎಂದು ಕೇಳಿದೆ. "ನೀವು ನಿಧಾನವಾಗಿ ಹತ್ತಿದಿರಿ ಎಂದು ಗೈಡ್ ಹೇಳಿದ." ಪಟ್ಟಿಯ ಫೋಟೊ ಕಳುಹಿಸಿದೆ. ಎರಡು ದಿನ ಸದ್ದಿಲ್ಲ. ಮತ್ತೆ ಬರೆದಾಗ, "ಕೆರೆ ನೋಡಿದಿರಲ್ಲ, ಅದೇನು ಕಡಿಮೆಯೇ?" ಬಿಡದೆ ಕೇಳಿದ್ದಕ್ಕೆ, "ಹೆಂಗಸರ ಜೊತೆ ನಾನು ವಾದ ಮಾಡುವುದಿಲ್ಲ, ಸರ್‌ಗೆ ಫೋನ್ ಕೊಡಿ." ಉಬ್ಬಸದ ಮನುಷ್ಯನಿಗೆ ಸುಳ್ಳು ಪ್ರಮಾಣಪತ್ರ ಕೊಟ್ಟು ಮೇಲೆ ಹತ್ತಿಸಿದವನು ಹೇಳುವ ಮಾತು ಇದು.

ಹೋಗುವವರು ಬಾಲಿಯಿಂದ ಒಂದೇ ರಾತ್ರಿಯಲ್ಲಿ ಓಡಬೇಡಿ. ಹಿಂದಿನ ದಿನವೇ ಜಾವಾಕ್ಕೆ ದಾಟಿ ಬನ್ಯುವಾಂಗಿ ಪಟ್ಟಣದಲ್ಲಿ ತಂಗಿ, ಅಲ್ಲಿಯೇ ವೈದ್ಯರಿಗೆ ತೋರಿಸಿ ಪ್ರಮಾಣಪತ್ರ ಪಡೆಯಿರಿ. ನಡುರಾತ್ರಿ 2ರ ಹೊತ್ತಿಗೆ ಪಾಲ್ತುಡಿಂಗ್‌ನಲ್ಲಿರಬೇಕು. ಬೆಂಕಿ ಇರುವ ಕುಳಿಯೊಳಗೆ ಇಳಿಯಲು ಆ ದಿನ ಬಿಡುತ್ತಾರೆಯೇ ಎಂದು ಅಲ್ಲಿನವರನ್ನೇ ಕೇಳಿ, ಅನಿಲ ಹೆಚ್ಚಾದರೆ ಮುಚ್ಚುತ್ತಾರೆ. ಆದ್ದರಿಂದ ಖಚಿತ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ. ಪೂರ್ತಿ ಹಣ ಮೊದಲೇ ಕೊಡಬೇಡಿ. ಕನ್ನಡ ಮಾತನಾಡಿದ ಮಾತ್ರಕ್ಕೆ ಕೊಡಬೇಡಿ.

ಕಳೆದ ತಿಂಗಳು ಅವನಿಂದ ಕೊನೆಯ ಸಂದೇಶ ಬಂತು. ಐದು ನಕ್ಷತ್ರ ಕೊಟ್ಟು ನಾಲ್ಕು ಒಳ್ಳೆಯ ಮಾತು ಬರೆದರೆ 3,000 ರೂಪಾಯಿ ಹಿಂತಿರುಗಿಸುತ್ತಾನಂತೆ. ಬರೆಯುವುದಿಲ್ಲ ಎಂದೆ. ಸಹೋದ್ಯೋಗಿಗೆ ನಿನ್ನೆ ರಾತ್ರಿಯೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಮುಂಗಡವಾಗಿ ಐದು ಸಾವಿರ ಆಗಲೇ ಕಳುಹಿಸಿಬಿಟ್ಟಿದ್ದರು.