ಪಾರ್ಟಿಯ ಕಾಗದ ಕಳಿಸಲು ಯಾವ ಬೀಗ? ಮೂರು ತಿಂಗಳು ನಾನೇ ಹಾಕಿ ನೋಡಿದ್ದು

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಕೋರ್ಟ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಒಂದು ಅರ್ಜಿಗೆ ನಾಲ್ಕು ಪ್ರತಿ ಬೇಕಿತ್ತು. ನಾವೆಲ್ಲ ಮಾಡುವ ಹಾಗೆ ಅಂಗಡಿಯ ವಾಟ್ಸಾಪ್ ನಂಬರಿಗೆ ಫೈಲ್ ಕಳಿಸಿದೆ. ಹುಡುಗ ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಹುಡುಕುತ್ತಾ ಕೆಳಗೆ ಇಳಿದ. ಮೂರು ತಿಂಗಳ ಹಿಂದೆ ನಾನೇ ಕಳಿಸಿದ್ದ ನನ್ನ ಪಾರ್ಟಿಯೊಬ್ಬಳ (ಅಂದರೆ ವಕೀಲಳಾದ ನನ್ನ ಕಕ್ಷಿದಾರಳ) ವಿಚ್ಛೇದನದ ಅರ್ಜಿ ಅಲ್ಲಿ ಹಾಗೇ ಕೂತಿತ್ತು. ಪಕ್ಕದಲ್ಲಿ ಆ ಹೆಣ್ಣುಮಗಳ ಪಗಾರ ಚೀಟಿ, ಆಸ್ಪತ್ರೆಯ ರಿಪೋರ್ಟ್. ನನ್ನ ಹಿಂದೆ ಸಾಲಿನಲ್ಲಿ ಅದೇ ಕೇಸಿನ ಎದುರು ವಕೀಲರ ಜೂನಿಯರ್ ನಿಂತಿದ್ದ.

ಹುಡುಗನದೇನೂ ತಪ್ಪಿಲ್ಲ. ಕಳಿಸಿದವಳು ನಾನು.

ಪಾರ್ಟಿ ನಮಗೆ ಹೇಳಿದ್ದನ್ನು ನಾವು ಹೊರಗೆ ಬಿಡಬಾರದು ಎಂದು ಬಾರ್ ಕೌನ್ಸಿಲ್ ನಿಯಮ ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿ ಇದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ನಾವು ಇದನ್ನು ಬಾಯಿ ಬಿಡಬಾರದು ಅಂತ ಮಾತ್ರ ಅರ್ಥ ಮಾಡಿಕೊಂಡಿದ್ದೇವೆ, ಅಲ್ವಾ? ಫೈಲ್ ಎಲ್ಲೆಲ್ಲಿ ಬಿದ್ದಿರುತ್ತದೆ ಅಂತ ಯಾರೂ ನೋಡುವುದಿಲ್ಲ. ಇನ್ನೊಂದು ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಅಂತ ಬಾರ್ ರೂಮಿನಲ್ಲಿ ಹೇಳುವವರಿದ್ದಾರೆ. ಕಾನೂನಿನ ಹಕ್ಕು ಸಾಧಿಸಲು ಬಳಸುವ ಮಾಹಿತಿಗೆ 17ನೇ ಕಲಂ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಆ ವಿನಾಯಿತಿ 8(5)ನೇ ಕಲಮಿನ ಭದ್ರತೆಯ ಹೊಣೆಗೆ ಮುಟ್ಟುವುದಿಲ್ಲ. ನಿಯಮಗಳು ನವೆಂಬರ್ 2025ರಲ್ಲಿ ಬಂದಿವೆ. ಮುಖ್ಯ ಭಾಗಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಕಾಶ ಇದೆ. ಭದ್ರತೆಯಲ್ಲಿ ಸೋತರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ನಮ್ಮಂಥ ಸಣ್ಣ ಆಫೀಸಿಗೆ ಅಷ್ಟು ಹಾಕಲಿಕ್ಕಿಲ್ಲ. ಆದರೂ ಓದಿದಾಗ ಹೊಟ್ಟೆಯಲ್ಲಿ ಚುಳ್ ಅನ್ನುತ್ತದೆ.

ಅಂದಿನಿಂದ ಮೂರು ತಿಂಗಳು ಒಂದೊಂದೇ ದಾರಿ ಹಿಡಿದು ನೋಡಿದೆ. ಪರೀಕ್ಷೆಗೆ ನನ್ನದೇ ಕಾಗದಗಳ ಒಂದು ಕಟ್ಟು ಮಾಡಿದೆ: ಸ್ಕ್ಯಾನ್ ಮಾಡಿದ 84 ಪುಟದ ಪಿಡಿಎಫ್, ಹನ್ನೆರಡು ಫೋಟೊ, ಒಂದು ಕಾಲ್ ರೆಕಾರ್ಡಿಂಗ್, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್. ಕಳಿಸಿದ್ದು ಮೂವರಿಗೆ. ಲ್ಯಾಪ್‌ಟಾಪ್ ಇರುವ ನನ್ನ ಜೂನಿಯರ್. ಇಪ್ಪತ್ತು ವರ್ಷದಿಂದ ಕೋರ್ಟ್ ಮೆಟ್ಟಿಲು ಹತ್ತಿಳಿಯುತ್ತಿರುವ ನಮ್ಮ ಗುಮಾಸ್ತರು. ಮತ್ತೆ, ಒಪ್ಪಿಕೊಂಡ ಒಬ್ಬ ಪಾರ್ಟಿ. ಸೀರೆ ಅಂಗಡಿಯ ಯಜಮಾನರು, ವಯಸ್ಸು ಅರವತ್ತರ ಹತ್ತಿರ, ಕೈಯಲ್ಲಿ ಒಂದು ಫೋನ್ ಬಿಟ್ಟರೆ ಬೇರೇನಿಲ್ಲ. ಈ ಯಜಮಾನರೇ ನನ್ನ ನಿಜವಾದ ಪರೀಕ್ಷಕರಾದರು.

ಮೊದಲು ವಾಟ್ಸಾಪ್. ಅದನ್ನು ಬೈಯುವುದು ಸುಲಭ. ಆದರೆ ದಾರಿಯಲ್ಲಿ ಅದು ಗಟ್ಟಿ. 2016ರಿಂದ ಈ ತುದಿಯಿಂದ ಆ ತುದಿಯವರೆಗೆ ಗೂಢಲಿಪಿಯಲ್ಲೇ ಹೋಗುತ್ತದೆ. ಮೂವರಿಗೂ ತಕ್ಷಣ ತೆರೆಯಿತು. ತೊಂದರೆ ಶುರುವಾಗುವುದು ಫೈಲ್ ತಲುಪಿದ ಮೇಲೆ. ಯಜಮಾನರ ಫೋನಿನಲ್ಲಿ ಹನ್ನೆರಡೂ ಫೋಟೊ ಗ್ಯಾಲರಿಗೆ ಹೋಗಿ, ಮೊಮ್ಮಗಳ ಹುಟ್ಟುಹಬ್ಬದ ಫೋಟೊಗಳ ನಡುವೆ ಕೂತವು. ಜೂನಿಯರ್ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ. ಬ್ಯಾಕಪ್‌ಗೆ ಬೇರೆಯಾಗಿ ಬೀಗ ಹಾಕುವ ಸೌಲಭ್ಯ 2021ರಲ್ಲೇ ಬಂದಿದೆ. ಅದನ್ನು ನಾವೇ ಆನ್ ಮಾಡಬೇಕು. ಮೂವರಲ್ಲಿ ಒಬ್ಬರೂ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ ಬಿಡಿ.

ವಾಟ್ಸಾಪಿನಲ್ಲಿ ನನಗೆ ಜಾಸ್ತಿ ಹೊಡೆದದ್ದು ಇನ್ನೊಂದು ಸಂಗತಿ. 1 ಜುಲೈ 2024ರಿಂದ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎ ಭಾಗವನ್ನು ಪಾರ್ಟಿ, ಬಿ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ಒಂದು ಚುಕ್ಕೆ ಬದಲಾದರೂ ಪೂರ್ತಿ ಬದಲಾಗುತ್ತದೆ. ಒಂದು ಫೋಟೊವನ್ನು ಮಾಮೂಲಿ ಫೋಟೊ ಆಗಿ ಕಳಿಸಿ, ಅತ್ತ ಕಡೆ ಎಸ್‌ಎಚ್‌ಎ 256 ಮಾದರಿಯ ಹ್ಯಾಶ್ ತೆಗೆದು ನೋಡಿದೆ. 64 ಅಕ್ಷರಗಳ ಸಾಲು ಮೂಲದ ಜೊತೆ ಎಲ್ಲೂ ಹೊಂದಲಿಲ್ಲ. ವಾಟ್ಸಾಪ್ ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ. ತೆಗೆದ ದಿನ, ಜಾಗದ ವಿವರವೂ ಹೋಗಿತ್ತು. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದೆ. ಒಂದಕ್ಷರವೂ ಬದಲಾಗಲಿಲ್ಲ. ಪಿನ್ನಿನ ಗುರುತು ಒತ್ತಿ ಗ್ಯಾಲರಿ ಬದಲು ಡಾಕ್ಯುಮೆಂಟ್ ಒತ್ತಿದರೆ ಆಯ್ತು, ವ್ಯತ್ಯಾಸ ಅಷ್ಟೇ. 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯ ಸರ್ಟಿಫಿಕೇಟ್ ಕಡ್ಡಾಯ ಅಂದಾಗಿನಿಂದ ನಾವೆಲ್ಲ ಆ ಕಾಗದದ ಹಿಂದೆ ಓಡಿದ್ದೇವೆ. ಫೈಲ್ ನಮ್ಮ ಕೈಗೆ ಬರುವ ಮೊದಲೇ ಕೆಟ್ಟಿದೆಯೋ ಅಂತ ಕೇಳಿದವರು ಕಡಿಮೆ.

ಮೆಸೇಜ್ ತಾನಾಗಿ ಅಳಿಸಿಹೋಗುವ ಸೌಲಭ್ಯವನ್ನು ಆನ್ ಮಾಡಲೇ ಅಂತ ಪಾರ್ಟಿಗಳು ಕೇಳುತ್ತಾರೆ. ನನ್ನ ಜೊತೆಗಿನ ಮಾತಿಗೆ ಸರಿ. ಎದುರು ಪಕ್ಷದ ಜೊತೆ ನಡೆದ ಮಾತಿಗೆ ಬೇಡವೇ ಬೇಡ. ನಾಳೆ ಅದೇ ಸಾಕ್ಷ್ಯ ಆಗಬಹುದು.

ಎರಡನೆಯದು ಗೂಗಲ್ ಡ್ರೈವ್. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೆಂದ. ಫೈಲ್ ಒಂದೇ ಕಡೆ ಇರುತ್ತದೆ. ಯಾರಿಗೆ ಬೇಕೋ ಅವರಿಗೆ ಮಾತ್ರ ತೆರೆಯಬಹುದು, ಬೇಡವಾದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. ಜೂನಿಯರ್‌ಗೆ ಕಳಿಸಿದ್ದು ಸಲೀಸಾಗಿ ಆಯ್ತು. ಯಜಮಾನರಿಗೆ ಅವರ ಇಮೇಲ್ ಐಡಿಯೇ ಗೊತ್ತಿರಲಿಲ್ಲ. "ಓಪನ್ ಆಗವಲ್ದ್ರೀ ಮೇಡಂ, ಅದೇನೋ ಪರ್ಮಿಷನ್ ಕೇಳತೈತಿ" ಅಂತ ಎರಡು ಸಲ ಫೋನ್ ಮಾಡಿದರು. ಮೂರನೇ ಸಲಕ್ಕೆ ನಾನೇ ಸೋತು, ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಬದಲಿಸಿದೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತು ಹಾಕಿದಂತೆ.

ಅದಕ್ಕಿಂತ ದೊಡ್ಡ ಪಾಠ ಒಂದು ಕೌಟುಂಬಿಕ ಪ್ರಕರಣದಲ್ಲಿ ಸಿಕ್ಕಿತು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಆಕೆಯ ಜಿಮೇಲ್‌ಗೆ ಮಾತ್ರ ತೆರೆಯುವ ಹಾಗೆ ಜೀವನಾಂಶದ ಅರ್ಜಿಯ ಕರಡು ಕಳಿಸಿದ್ದೆ. ವಾರದಲ್ಲಿ ಎದುರು ಕಡೆಯವರ ಮಾತಿನಲ್ಲಿ ನಮ್ಮ ಕರಡಿನ ಅಂಕಿಗಳು ಬಂದವು. ಕೇಳಿದರೆ, ಆ ಜಿಮೇಲ್ ಖಾತೆ ಮಾಡಿಕೊಟ್ಟಿದ್ದೇ ಗಂಡ. ಮನೆಯ ಟ್ಯಾಬ್ಲೆಟ್‌ನಲ್ಲಿ ಅದು ಇನ್ನೂ ಲಾಗಿನ್ ಆಗೇ ಇತ್ತು. ಖಾತೆ ವಾಪಸ್ ಪಡೆಯಲು ಕೊಟ್ಟಿದ್ದ ನಂಬರೂ ಅವನದೇ. ಫೋನಿನಲ್ಲಿ ತೆಗೆದ ಪ್ರತಿ ಫೋಟೊ ಅದೇ ಖಾತೆಗೆ ಏರಿ ಆ ಟ್ಯಾಬ್ಲೆಟ್‌ನಲ್ಲೂ ಕಾಣುತ್ತಿತ್ತು. ಗೂಗಲ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ. ಈಗ ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಕೇಳುತ್ತೇನೆ: "ನಿಮ್ಮ ಫೋನಿನ ಜಿಮೇಲ್ ಯಾರು ಮಾಡಿಕೊಟ್ಟಿದ್ದು?" ಹೆಚ್ಚಿನವರು ಗಂಡ, ಅಣ್ಣ, ಇಲ್ಲಾ ಮೊಬೈಲ್ ಅಂಗಡಿಯವನು ಅನ್ನುತ್ತಾರೆ. ಅಲ್ಲೇ ಕೂರಿಸಿ ಹೊಸ ಖಾತೆ ಮಾಡಿಸಲು ಹತ್ತು ನಿಮಿಷ ಸಾಕು.

ಮೂರನೆಯದು ಫೈಲಿಗೇ ಪಾಸ್‌ವರ್ಡ್ ಹಾಕುವುದು. ಇಲ್ಲಿ ಎರಡು ಬಗೆ ನೋಡಿದೆ. ಫೈಲು ಗಂಟು ಕಟ್ಟುವ ಸಾಫ್ಟ್‌ವೇರ್ ಸೆವೆನ್ ಜಿಪ್‌ನಲ್ಲಿ ಇಡೀ ಕಟ್ಟನ್ನು ಒಂದೇ ಗಂಟು ಕಟ್ಟಿ ಎಇಎಸ್ 256 ಎಂಬ ಗೂಢಲಿಪಿಯ ಬೀಗ ಹಾಕಬಹುದು. ದುಡ್ಡು ಕೊಡಬೇಕಿಲ್ಲ. ಸೆವೆನ್ ಜೆಡ್ ಮಾದರಿ ಆರಿಸಿ, ಹೆಸರು ಮುಚ್ಚುವ ಆಯ್ಕೆಗೂ ಗುರುತು ಹಾಕಿದರೆ ಒಳಗಿನ ಫೈಲುಗಳ ಹೆಸರೂ ಮುಚ್ಚಿಹೋಗುತ್ತವೆ. ಜಿಪ್ ಆರಿಸಿದರೆ ಹೆಸರು ಕಾಣುತ್ತದೆ. "ಗರ್ಭಪಾತದ ರಿಪೋರ್ಟ್" ಅಂತ ಫೈಲಿಗೆ ಹೆಸರಿಟ್ಟಿದ್ದರೆ ಒಳಗಿನದನ್ನು ಓದುವ ಅಗತ್ಯವೇ ಇಲ್ಲ ನೋಡಿ. ಬೀಗ ಗಟ್ಟಿ, ಆದರೆ ಯಜಮಾನರ ಫೋನಿನಲ್ಲಿ ತೆರೆಯಲು ಬೇರೆ ಆ್ಯಪ್ ಹಾಕಬೇಕಾಯಿತು. ಗುಮಾಸ್ತರು ಒಂದು ಸಲ ನೋಡಿ, "ಮೇಡಂ, ಪ್ರಿಂಟೇ ಕೊಡ್ರಿ" ಅಂದರು.

ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿದ್ದು ಮಾತ್ರ ಮೂವರಿಗೂ ತೆರೆಯಿತು. ಬ್ಯಾಂಕ್ ಸ್ಟೇಟ್‌ಮೆಂಟ್, ಇ-ಆಧಾರ್ ಎಲ್ಲ ಹಾಗೇ ಬರುವುದರಿಂದ ಜನಕ್ಕೆ ರೂಢಿ ಇದೆ. ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪಿಡಿಎಫ್ ಮಾಡುವಾಗಲೇ ಹಾಕಬಹುದು. ಅಲ್ಲಿ ಎರಡು ಪಾಸ್‌ವರ್ಡ್ ಕೇಳುತ್ತದೆ. ತೆರೆಯಲು ಒಂದು, ಪ್ರಿಂಟ್ ಮತ್ತು ಕಾಪಿ ತಡೆಯಲು ಇನ್ನೊಂದು. ಎರಡನೆಯದನ್ನು ಮಾತ್ರ ಹಾಕಿದರೆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು, ಸುಮ್ನೆ ಸಮಾಧಾನಕ್ಕೆ. ಮೊದಲನೆಯದೇ ಬೇಕು. ಪಾಸ್‌ವರ್ಡ್ ಆಧಾರಿನ ಮಾದರಿಯಲ್ಲಿ, ಅಂದರೆ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ, ಇಡಬೇಡಿ. ಗಂಡ-ಹೆಂಡತಿ ಕೇಸಿನಲ್ಲಿ ಅದು ಗೊತ್ತಿಲ್ಲದವರು ಯಾರು?

ಇದರ ದೊಡ್ಡ ಗುಣ ಗೊತ್ತಾಗಿದ್ದು ಮತ್ತೆ ಅದೇ ಜೆರಾಕ್ಸ್ ಅಂಗಡಿಯಲ್ಲಿ. ಫೈಲ್ ಕಳಿಸಿದೆ, ಅವರ ಕೀಬೋರ್ಡಿನಲ್ಲಿ ನಾನೇ ಪಾಸ್‌ವರ್ಡ್ ಹೊಡೆದೆ, ಪ್ರಿಂಟ್ ಬಂತು. ಆಮೇಲೆ ಡೌನ್‌ಲೋಡ್ಸ್‌ನಲ್ಲಿ ಉಳಿದದ್ದು ಬೀಗ ಹಾಕಿದ ಫೈಲ್. ವಾಟ್ಸಾಪಿನ ಬೀಗ ದಾರಿ ಮುಗಿದ ಕೂಡಲೇ ಕಳಚುತ್ತದೆ. ಇದು ಫೈಲಿನ ಜೊತೆಗೇ ಹೋಗುತ್ತದೆ. ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಲ್ಲೇ ಹೇಳುವುದು ನನ್ನ ನಿಯಮ. ಯಜಮಾನರು ಅದನ್ನು ಶ್ರದ್ಧೆಯಿಂದ ಕೇಳಿಕೊಂಡು, ಮರೆಯದಿರಲಿ ಅಂತ ಅದೇ ಚಾಟ್‌ನಲ್ಲಿ ಫೈಲಿನ ಕೆಳಗೇ ಟೈಪ್ ಮಾಡಿಟ್ಟರು.

ನಾಲ್ಕನೆಯದು ದೊಡ್ಡ ಗಂಟಿಗೆ. ಒಂದು ವಾಣಿಜ್ಯ ದಾವೆಯಲ್ಲಿ ನಮ್ಮ ಪಾರ್ಟಿಯ ಕಂಪನಿಯಿಂದ ಮೂವರ ಇಮೇಲ್ ಪೆಟ್ಟಿಗೆ ಪೂರ್ತಿ ಬಂತು, 22 ಜಿಬಿ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವನ್ನೇ ಅಂಥ ದಾವೆಗಳಿಗೆ ಬದಲಿಸಿದೆ. ನಮ್ಮ ಹತ್ತಿರ ಇರುವ ಸಂಬಂಧಪಟ್ಟ ದಾಖಲೆಯನ್ನು, ನಮಗೆ ವಿರುದ್ಧ ಇದ್ದರೂ, ಮೊದಲೇ ಮುಂದಿಡಬೇಕು. ಎಲೆಕ್ಟ್ರಾನಿಕ್ ದಾಖಲೆಗೆ ಪ್ರಿಂಟ್ ಕೊಟ್ಟರೂ ಸಾಕು. ಆ ಪೆಟ್ಟಿಗೆಯಲ್ಲಿ ಪಾರ್ಟಿ ತಮ್ಮ ಹಿಂದಿನ ವಕೀಲರಿಗೆ ಬರೆದ ಪತ್ರಗಳೂ ಇದ್ದವು. ಅವನ್ನು ಬೇರೆ ಮಾಡದೆ ಪೆನ್ ಡ್ರೈವ್ ಎದುರು ಪಕ್ಷಕ್ಕೆ ಕೊಟ್ಟರೆ ಕಥೆ ಮುಗಿಯಿತು. ಹಳೆಯ ವಕೀಲರ ಹೆಸರು, ಅವರ ಇಮೇಲ್, ಅವರ ಜೂನಿಯರ್ ಇಮೇಲ್ ಹಾಕಿ ಮೊದಲು ಅಷ್ಟನ್ನೂ ಬೇರೆ ಫೋಲ್ಡರಿಗೆ ಎಳೆದೆವು. ಆಮೇಲೇ ಉಳಿದದ್ದನ್ನು ಓದಿದ್ದು.

ಸಾಗಿಸಲು ಬಿಟ್‌ಲಾಕರ್ ಮತ್ತು ವೆರಾಕ್ರಿಪ್ಟ್ ಎಂಬ, ಇಡೀ ಡ್ರೈವಿಗೇ ಬೀಗ ಹಾಕುವ ಎರಡು ಸಾಫ್ಟ್‌ವೇರ್ ನೋಡಿದೆ. ಬಿಟ್‌ಲಾಕರ್ ಹಾಕಲು ವಿಂಡೋಸ್ ಪ್ರೊ ಬೇಕು, ತೆರೆಯಲು ಹೋಮ್ ಸಾಕು. ಮ್ಯಾಕ್‌ನಲ್ಲಿ ತಾನಾಗಿ ತೆರೆಯುವುದಿಲ್ಲ. ವೆರಾಕ್ರಿಪ್ಟ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಉಚಿತ. ಆದರೆ ಬೇರೆಯವರ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆಯಲು ಅಡ್ಮಿನ್ ಹಕ್ಕು ಕೇಳುತ್ತದೆ. ಕಚೇರಿಗಳಲ್ಲಿ ಅದನ್ನು ಯಾರು ಕೊಡುತ್ತಾರೆ? ಹಾಗಾಗಿ ಆಫೀಸಿನೊಳಗೆ ಇಟ್ಟುಕೊಳ್ಳಲು ವೆರಾಕ್ರಿಪ್ಟ್, ಹೊರಗೆ ಕೊಡಲು ಬಿಟ್‌ಲಾಕರ್.

ಕಳಿಸುವ ಮೊದಲು ಹೆಸರು ಮುಚ್ಚುವುದು ಬೇರೆಯೇ ತಲೆನೋವು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು. ನಮ್ಮಲ್ಲಿ ಹೆಚ್ಚಿನವರು ಹೆಸರಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಎಳೆದು ಪಿಡಿಎಫ್ ಮಾಡುತ್ತಾರೆ. ಅದನ್ನು ಮೌಸಿನಿಂದ ಹಿಡಿದು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಹಾಕಿ ನೋಡಿ, ಕೆಳಗಿನ ಅಕ್ಷರ ಬರುತ್ತದೆ. ಜನವರಿ 2019ರಲ್ಲಿ ಅಮೆರಿಕದಲ್ಲಿ ಟ್ರಂಪ್ ಅವರ ಹಿಂದಿನ ಪ್ರಚಾರ ಮುಖ್ಯಸ್ಥ ಪಾಲ್ ಮನಾಫೋರ್ಟ್ ಪರ ವಕೀಲರು ಕೋರ್ಟಿಗೆ ಸಲ್ಲಿಸಿದ ಕಾಗದದಲ್ಲಿ ಪತ್ರಕರ್ತರು ಇದನ್ನೇ ಮಾಡಿ ಓದಿಬಿಟ್ಟರು.

ಸರಿ ಅಂತ ಹುಡುಕಿ ಅಳಿಸುವ ರಿಡ್ಯಾಕ್ಟ್ ಟೂಲ್ ಹಿಡಿದೆ. ಇಂಗ್ಲಿಷ್ ದೂರಿನಲ್ಲಿ ಹೆಸರು ಇದ್ದ ಹನ್ನೊಂದು ಕಡೆಯೂ ಹೋಯಿತು. ಕನ್ನಡ ಹೇಳಿಕೆಯಲ್ಲಿ ಸೊನ್ನೆ ಸಿಕ್ಕಿತು! ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಫೈಲಿನೊಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಫೈಲಿನೊಳಗೂ ಕನ್ನಡವಾಗೇ ಇರುವ ಯೂನಿಕೋಡಿನಲ್ಲಿ ಟೈಪ್ ಮಾಡಿದ ಇನ್ನೊಂದರಲ್ಲಿ ಒತ್ತಕ್ಷರ ಇರುವ ಹೆಸರನ್ನು ಅದು ಅರ್ಧಕ್ಕರ್ಧ ಬಿಟ್ಟಿತ್ತು, ಪಿಡಿಎಫ್‌ನೊಳಗೆ ಒತ್ತುಗಳು ಚದುರಿಹೋಗಿರುತ್ತವೆ. "ಹೆಸರು ಅಳಿಸಿತು" ಅಂತ ಟೂಲ್ ಹಸಿರು ಗುರುತು ತೋರಿಸುತ್ತದೆ, ನಾವು ನಂಬಿ ಕಳಿಸುತ್ತೇವೆ. ಕನ್ನಡ ಕಾಗದಕ್ಕೆ ನನಗೆ ಸರಿ ಬಂದದ್ದು ತೀರ ಹಳೆಯ ದಾರಿ: ಪ್ರಿಂಟ್ ತೆಗೆದು, ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ, ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಸ್ಕ್ಯಾನ್ ಮಾಡುವುದು. ಮಾರ್ಕರ್ ಪೆನ್ನಿನಲ್ಲಿ ಬಳಿದರೆ ಬೆಳಕಿಗೆ ಹಿಡಿದಾಗ ಕಾಣುತ್ತದೆ.

ಈಗ ನಮ್ಮ ಆಫೀಸಿನಲ್ಲಿ ದಿನನಿತ್ಯಕ್ಕೆ ಪಾಸ್‌ವರ್ಡ್ ಇರುವ ಪಿಡಿಎಫ್, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ. ಫೋಟೊ, ರೆಕಾರ್ಡಿಂಗ್ ಸಾಕ್ಷ್ಯವಾಗಿದ್ದರೆ ಪಾರ್ಟಿ ಫೋನ್ ತೆಗೆದುಕೊಂಡು ಆಫೀಸಿಗೇ ಬರಬೇಕು, ಕೇಬಲ್ ಹಾಕಿ ಇಳಿಸಿ ಹ್ಯಾಶ್ ಅಲ್ಲೇ ಬರೆದುಕೊಳ್ಳುತ್ತೇವೆ. ಡ್ರೈವ್ ಜೂನಿಯರ್ ಜೊತೆಗಿನ ಕೆಲಸಕ್ಕೆ ಮಾತ್ರ. ಕಳೆದ ತಿಂಗಳು ಒಂದು ಸಣ್ಣ ಲೇಸರ್ ಪ್ರಿಂಟರ್ ಕೊಂಡೆವು. ಗುಮಾಸ್ತರಿಗೆ ಅದರ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ನಾಲ್ಕಕ್ಕಿಂತ ಜಾಸ್ತಿ ಪ್ರತಿ ಬೇಕಾದರೆ ಕಾಗದ ಹಿಡಿದು ಅಂಗಡಿಗೇ ಹೊರಡುತ್ತಾರೆ. ಹೋಗಲಿ, ಕಾಗದ ತಾನೇ. ವಾಪಸ್ ಬಂದಾಗ ಪುಟ ಎಣಿಸಿಕೊಳ್ಳುತ್ತೇನೆ.