ವಾಂತಿ ನೋಡಿ ಗಂಡೋ ಹೆಣ್ಣೋ ಲೆಕ್ಕ ಹಾಕುತ್ತಾ ಕೂರಬೇಡಿ

ನನ್ನ ಮೊದಲ ಬಸಿರಿನ 9ನೇ ವಾರ. ಬಚ್ಚಲಮನೆಯಲ್ಲಿ ನೆಲದ ಮೇಲೆ ಕೂತು ಒಂದು ಲೋಟದೊಳಗಿನ ನೊರೆ ನೋಡುತ್ತಿದ್ದೆ. ಮೂತ್ರಕ್ಕೆ ಅಡುಗೆ ಸೋಡಾ ಹಾಕಿ, ನೊರೆ ಉಕ್ಕಿದರೆ ಗಂಡು, ಸುಮ್ಮನಿದ್ದರೆ ಹೆಣ್ಣು ಎಂದು ಒಂದು ವಿಡಿಯೊದಲ್ಲಿ ಹೇಳಿದ್ದರು. ನೊರೆ ಉಕ್ಕಿತು. ಆದರೆ ಮನೆಯವರೆಲ್ಲ "ಇಷ್ಟೊಂದು ವಾಂತಿ ಅಂದ್ರೆ ಹೆಣ್ಣೇ" ಎನ್ನುತ್ತಿದ್ದರು. ಯಾವುದನ್ನು ನಂಬೋದು ಅಂತ ತಲೆ ಕೆಡಿಸಿಕೊಂಡೆ. ಲೋಟದಲ್ಲಿದ್ದ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿತ್ತು, ಮೈಯಲ್ಲಿ ನೀರು ಕಡಿಮೆಯಾದ ಗುರುತು. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎರಡು ದಿನದ ನಂತರ ಎದ್ದು ನಿಂತವಳು ಹಾಗೇ ಕುಸಿದೆ. ಆಸ್ಪತ್ರೆಗೆ ಸೇರಿಸಿದರು.

ಡಾಕ್ಟರ್ ಮೊದಲು ಕೇಳಿದ್ದು, "ನೀರು ಕುಡಿದರೆ ಹೊಟ್ಟೆಯಲ್ಲಿ ನಿಲ್ಲುತ್ತಾ? ಎಷ್ಟು ದಿನದಿಂದ ಹೀಗೆ?" ನಾಲ್ಕು ದಿನ ಎಂದೆ. "ಯಾಕಮ್ಮ ಬರಲಿಲ್ಲ?" ಎಂದರು. ಹೆಣ್ಣು ಮಗುವಾದರೆ ಹೀಗೇ ಆಗುತ್ತೆ ಅಂದುಕೊಂಡೆ ಎಂದು ಹೇಳಲು ಬಾಯಿ ಬರಲಿಲ್ಲ. ತೂಕ ನೋಡಿದರೆ ಬಸಿರಿಗೆ ಮುಂಚೆ ಇದ್ದದ್ದಕ್ಕಿಂತ 5 ಕೆಜಿ ಇಳಿದಿತ್ತು. ಇದು ಮಾಮೂಲಿ ಬೆಳಗಿನ ವಾಕರಿಕೆ ಅಲ್ಲ, ಇದಕ್ಕೆ ಹೈಪರ್‌ಎಮೆಸಿಸ್ ಎನ್ನುತ್ತಾರೆ, ಚಿಕಿತ್ಸೆ ಬೇಕೇ ಬೇಕು ಎಂದರು. ಡ್ರಿಪ್ ಹಾಕಿದರು, ಬಿ1 ವಿಟಮಿನ್ ಕೊಟ್ಟರು, ವಾಂತಿ ನಿಲ್ಲುವ ಔಷಧಿ ಕೊಟ್ಟರು. ಅಂಥ ಔಷಧಿ ಇದೆ, ಬಸುರಿಯರಿಗೂ ಕೊಡುತ್ತಾರೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು.

ವಾಂತಿಗೂ ಹೆಣ್ಣು ಮಗುವಿಗೂ ಏನೂ ಸಂಬಂಧ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತೀವ್ರ ವಾಂತಿಯಾದವರಲ್ಲಿ ಹೆಣ್ಣು ಮಗು ಸ್ವಲ್ಪ ಜಾಸ್ತಿ ಎಂದು ಕೆಲವು ಅಧ್ಯಯನಗಳು ಹೇಳಿವೆ. ಆದರೆ ಆ ವ್ಯತ್ಯಾಸ ತೀರಾ ಸಣ್ಣದು, ಗಂಡು ಮಗು ಹೊತ್ತವರಿಗೂ ಇದು ಆಗುತ್ತದೆ. ಜಿಡಿಎಫ್15 ಎಂಬ ಹಾರ್ಮೋನ್ ಇದಕ್ಕೆ ಮುಖ್ಯ ಕಾರಣ ಎಂದು 2023ರಲ್ಲಿ ಸಂಶೋಧಕರು ತೋರಿಸಿದರು. ಮಗುವಿನ ಕಡೆಯಿಂದ ಅದು ತಾಯಿಯ ರಕ್ತಕ್ಕೆ ಬರುತ್ತದೆ. ತಾಯಿಯ ಮೈಗೆ ಅದು ಎಷ್ಟು ಅಭ್ಯಾಸವಿದೆ ಅನ್ನುವುದರ ಮೇಲೆ ವಾಂತಿ ಹೆಚ್ಚು ಕಡಿಮೆಯಾಗುತ್ತದೆ. ಇದು ಕಾಯಿಲೆ. ಭವಿಷ್ಯ ಅಲ್ಲ.

ಆ ಸೋಡಾದ ವಿಷಯ ಹೇಳಿಬಿಡುತ್ತೇನೆ. ಮೂತ್ರ ಹುಳಿಯಾಗಿದ್ದರೆ ಸೋಡಾ ಜೊತೆ ಸೇರಿ ನೊರೆ ಬರುತ್ತದೆ, ಅಷ್ಟೇ. ತಿಂದದ್ದು, ಕುಡಿದ ನೀರು, ಉಪವಾಸ, ಸೋಂಕು, ಯಾವುದರಿಂದ ಬೇಕಾದರೂ ಅದು ಬದಲಾಗುತ್ತದೆ. ಮಗುವಿಗೂ ಅದಕ್ಕೂ ಸಂಬಂಧವಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೂ ಬುದ್ಧಿ ಬರಲಿಲ್ಲ ನೋಡಿ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಎದೆಬಡಿತ ನಿಮಿಷಕ್ಕೆ 172 ಬಂದಿತ್ತು. 140ಕ್ಕಿಂತ ಜಾಸ್ತಿ ಇದ್ದರೆ ಹೆಣ್ಣು ಅಂತಾರಲ್ಲ, ಅದನ್ನೇ ಹಿಡಿದುಕೊಂಡೆ. ಆಮೇಲೆ 20ನೇ ವಾರ ದಾಟಿದಾಗ 138 ಬಂತು. ನಾನು ಗಾಬರಿಯಾಗಿ ಮಗುವಿಗೆ ಏನೋ ಆಗಿದೆ ಎಂದು ಅತ್ತುಬಿಟ್ಟೆ. 9ನೇ ವಾರದ ಹೊತ್ತಿಗೆ ಎಲ್ಲ ಮಕ್ಕಳ ಎದೆಬಡಿತವೂ 170ರ ಆಸುಪಾಸು ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ, 110ರಿಂದ 160 ಇದ್ದರೆ ಸರಿ ಎಂದು ಡಾಕ್ಟರೇ ಕೂರಿಸಿಕೊಂಡು ಸಮಾಧಾನ ಮಾಡಬೇಕಾಯಿತು.

ದುಡ್ಡೂ ಹೋಯಿತು. ಸ್ಕ್ಯಾನಿಂಗ್ ಫೋಟೊ ಕಳಿಸಿ, ಮಾಸು (ಪ್ಲಾಸೆಂಟಾ) ಯಾವ ಕಡೆ ಇದೆ ನೋಡಿ ಗಂಡೋ ಹೆಣ್ಣೋ ಹೇಳುತ್ತೇವೆ ಎಂದ ಯಾರಿಗೋ ಕಳಿಸಿದೆ. ಆ ಫೋಟೊದಲ್ಲಿ ನನ್ನ ಹೆಸರು, ವಯಸ್ಸು, ತಾರೀಕು ಎಲ್ಲ ಇತ್ತು. ಅದು ಈಗ ಯಾರ ಕೈಯಲ್ಲಿದೆಯೋ ಎಂದು ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ದಯವಿಟ್ಟು ಇದನ್ನು ಮಾತ್ರ ಯಾರೂ ಮಾಡಬೇಡಿ.

"ನಮ್ಮದು ಸರಿ ಬಂತಲ್ಲ" ಅನ್ನುವವರು ಸಿಗುತ್ತಾರೆ. ಇರುವುದೇ ಎರಡು ಉತ್ತರ, ಅರ್ಧದಷ್ಟು ಜನಕ್ಕೆ ಸರಿ ಬರಲೇಬೇಕು ಅಲ್ವಾ. ತಾಯಿಯ ವಯಸ್ಸು ಮತ್ತು ಬಸಿರಾದ ತಿಂಗಳು ನೋಡಿ ಹೇಳುವ ಚೀನೀ ಕ್ಯಾಲೆಂಡರನ್ನು ಸ್ವೀಡನ್‌ನ 28 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಜೊತೆ ತಾಳೆ ನೋಡಿ 2010ರಲ್ಲಿ ಪ್ರಕಟಿಸಿದ್ದರು. ಅಲ್ಲಿ ಸರಿಯಾಗಿದ್ದೂ ಹೆಚ್ಚುಕಡಿಮೆ ಅರ್ಧವೇ. ನನಗೆ ಹುಟ್ಟಿದ್ದು ಯಾವ ಮಗು ಅಂತ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನೀವು ಮತ್ತೆ ಆ ವಾಂತಿ, ಆ 172 ತೆಗೆದುಕೊಂಡು ಲೆಕ್ಕಕ್ಕೆ ಕೂರುತ್ತೀರಿ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ತಂಗಿ. ಅವಳಿಗೀಗ 8ನೇ ವಾರ. ನಿನ್ನೆ ರಾತ್ರಿ ಫೋನ್ ಮಾಡಿ, "ಅಕ್ಕಾ, ವಾಂತಿ ನಿಲ್ತಾನೇ ಇಲ್ಲ. ಎಲ್ಲರೂ ಹೆಣ್ಣು ಅಂತಿದಾರೆ" ಎಂದಳು.

"ಅದು ಬಿಡು. ಮೂತ್ರ ಯಾವ ಬಣ್ಣ ಬರ್ತಿದೆ?" ಎಂದು ಕೇಳಿದೆ. ಕಡು ಬಣ್ಣ ಎಂದಳು. ಕೊನೆಯ ಸಲ ಯಾವಾಗ ಹೋದೆ? ಬೆಳಿಗ್ಗೆ. ನಿಂತರೆ ತಲೆ ಸುತ್ತುತ್ತಾ? ಸುತ್ತುತ್ತೆ. ನೀರು ನಿಲ್ಲುತ್ತಾ? ನಿನ್ನೆಯಿಂದ ಇಲ್ಲ.

"ಈಗಲೇ ಹೊರಡು, ಬೆಳಗಾಗೋವರೆಗೆ ಕಾಯಬೇಡ" ಎಂದೆ. ಈಗ ಅವಳಿಗೆ ಡ್ರಿಪ್ ಹಾಕಿದ್ದಾರೆ. ಒಂದು ಗಂಟೆಯಿಂದ ಕುಡಿದ ನೀರು ಹೊಟ್ಟೆಯಲ್ಲಿ ನಿಂತಿದೆಯಂತೆ.